ಚೀಲ ಹೊತ್ತವರ ಪಾರಿತೋಷಕ: ಇಂಡಿಯನ್ ಓಪನ್ ಗಾಲ್ಫ್ ಪಂದ್ಯದ ಕಥೆ

ಊರಿಗೆ ಹೊರಟ ನೆಂಟರನ್ನು ವಿಮಾನ ಹತ್ತಿಸಲೆಂದು ನಾವು ಪುಣೆಯವರು ಯೆರವಡೆಯ ಕಡೆಗೆ ಎಷ್ಟು ಸಲ ಹೋಗಿದ್ದೇವೋ ಲೆಕ್ಕವಿಲ್ಲ. ಆ ಕಡೆ ಗಾಲ್ಫ್ ಕ್ಲಬ್ ಚೌಕವೆಂಬುದೊಂದಿದೆ. ಹೆಸರನ್ನು ನಿತ್ಯವೂ ಬಾಯಲ್ಲಿ ಆಡುತ್ತೇವೆ, ರಿಕ್ಷಾದವನಿಗೆ ಗುರುತು ಹೇಳುತ್ತೇವೆ. ಆದರೆ ಗೋಡೆಯ ಆಚೆಗಿನ ಹಸಿರು ಹುಲ್ಲಿನ ಮೇಲೆ ನಡೆಯುವ ಆಟ ಎಂಥದೆಂದು ಕೇಳಿದರೆ, ನಮ್ಮಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಮಂದಿ ಹೇಳುವ ಉತ್ತರ ಒಂದೇ: "ಅದು ಸಾಹುಕಾರರ ಆಟ, ನಮಗೇಕೆ?"

ನಾವೂ ಹಾಗೆಯೇ ಹೇಳಿಕೊಂಡು ಬಂದವರು. ನಮ್ಮ ಈ ಉಡಾಫೆಗೆ ಪೆಟ್ಟು ಬಿದ್ದದ್ದು ಒಂದು ಸಂಜೆ, ಬಸ್ಸಿಗಾಗಿ ಕಾಯುತ್ತಿದ್ದಾಗ. ಪಕ್ಕದಲ್ಲಿ ಇಪ್ಪತ್ತು ಇಪ್ಪತ್ತೆರಡರ ಒಬ್ಬ ತರುಣ ನಿಂತಿದ್ದ. ಬಿಸಿಲಿಗೆ ಕಂದಿದ ಮುಖ, ಹುಲ್ಲಿನ ಕಲೆಯಾದ ಬೂಟು. ಮೊಬೈಲಿನಲ್ಲಿ ತಾಯಿಯೊಡನೆಯೋ ಏನೋ ಕನ್ನಡದಲ್ಲಿ ಮಾತಾಡುತ್ತಿದ್ದ. ಪರಊರಿನಲ್ಲಿ ನಮ್ಮ ಮಾತು ಕಿವಿಗೆ ಬಿದ್ದರೆ ಸುಮ್ಮನಿರಲಾದೀತೆ? ಯಾವೂರೆಂದು ಕೇಳಿದೆವು.

"ನಮ್ದು ಯಾದಗಿರಿ ಕಡೆ ರೀ. ಅಪ್ಪ ಕಟ್ಟಡದ ಕೆಲಸಕ್ಕ ಬಂದಿದ್ರು. ನಾ ಇಲ್ಲೇ ಬೆಳದೀನಿ. ಗಾಲ್ಫ್ ಆಡೋರ ಚೀಲ ಹೊರ್ತೀನ್ರಿ."

ಬರಿಯ ಚೀಲ ಹೊರುವುದೆ, ಆಡುವುದೂ ಉಂಟೆ ಎಂದು ಕೇಳಿದೆವು. ವಾರಕ್ಕೊಂದು ದಿನ ಆಡಲು ಬಿಡುತ್ತಾರೆ ಎಂದ. ಆಮೇಲೆ, ನಮ್ಮ ಮುಖದಲ್ಲಿ ಏನು ಕಂಡಿತೋ, ತಾನೇ ಕೇಳಿದ:

"ಮುನಿಯಪ್ಪ ಅಂತ ಅದಾರಲ್ರೀ, ಬೆಂಗಳೂರವ್ರು? ನಮ್ಮಂಗ ಚೀಲ ಹೊತ್ತವ್ರು. ಇಂಡಿಯನ್ ಓಪನ್ ಗೆದ್ದಾರ್ರಿ. ನಿಮಗ ಗೊತ್ತಿಲ್ಲೇನ್ರಿ?"

ನಮಗೆ ಗೊತ್ತಿರಲಿಲ್ಲ. ಬಸ್ಸು ಬಂತು, ಹುಡುಗ ಹತ್ತಿ ಹೋದ. ನಾಲ್ಕಕ್ಷರ ಕಲಿತವರೆಂಬ, ಪತ್ರಿಕೆ ಓದುವವರೆಂಬ ನಮ್ಮ ಬಿಗುಮಾನವನ್ನೂ ಜೊತೆಗೇ ಒಯ್ದ. ಮನೆಗೆ ಬಂದು ಓದಲು ಕುಳಿತೆವು. ಆ ಓದಿನ ಫಲವೇ ಈ ಲೇಖನ.

ಕುಳಿಯಾಟ

ಮೊದಲು ಆಟದ ಪರಿಚಯ ಮಾಡಿಕೊಳ್ಳೋಣ. ನಮ್ಮ ಬಾಲ್ಯದಲ್ಲಿ ಅಂಗಳದ ಮಣ್ಣಿನಲ್ಲಿ ಕುಳಿ ತೋಡಿ ಗೋಲಿಯಾಡದವರು ಯಾರಿದ್ದೇವೆ? ಚಿಣಿಕೋಲನ್ನು ಚಿಮ್ಮಿಸಿ ನೆರೆಮನೆಯ ಹಂಚು ಒಡೆಯದವರು ಯಾರಿದ್ದೇವೆ? ಇಲ್ಲಿ ಮರಾಠಿ ಮಕ್ಕಳು ಇದನ್ನೇ ವಿಟಿದಾಂಡು ಎನ್ನುತ್ತಾರೆ. ಅವರ ಹಳೆಯ ಎಣಿಕೆಯ ವಕಟ, ಲೇಂಡ, ಮುಂಡ, ನಾಲ ಎಂಬ ಮಾತುಗಳಲ್ಲಿ ನಮ್ಮ ಕಡೆಯ ದ್ರಾವಿಡ ಸಂಖ್ಯೆಗಳು ವೇಷ ಮರೆಸಿಕೊಂಡು ಕುಳಿತಿವೆ. ಆಟಗಳು ಮನುಷ್ಯರಿಗಿಂತ ಮೊದಲೇ ಗಡಿ ದಾಟುತ್ತವೆ ಎನ್ನಲು ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ಗೋಲಿಯ ಗುರಿ, ಚಿಣಿಕೋಲಿನ ಬೀಸು, ಇವೆರಡನ್ನೂ ಕೂಡಿಸಿ ಆರೇಳು ಕಿಲೋಮೀಟರು ಉದ್ದಕ್ಕೆ ಹಾಸಿದರೆ ಗಾಲ್ಫ್ ಆಗುತ್ತದೆ. ಮೈದಾನದಲ್ಲಿ ೧೮ ಕುಳಿಗಳು. ಒಂದೊಂದು ಕುಳಿಯ ಅಗಲ ನಾಲ್ಕೂಕಾಲು ಅಂಗುಲ, ಅಂದರೆ ೧೦೮ ಮಿಲಿಮೀಟರು, ಒಂದು ಸಣ್ಣ ತಂಬಿಗೆ ಕೂಡುವಷ್ಟು. ಚೆಂಡಿನ ತೂಕ ೪೬ ಗ್ರಾಮಿನೊಳಗೆ ಇರಬೇಕು. ಆಟಗಾರನು ೧೪ ಕೋಲುಗಳಿಗಿಂತ ಹೆಚ್ಚು ಒಯ್ಯಕೂಡದು. ದೂರ ಹೊಡೆಯಲು ಒಂದು, ಮರಳಿನ ಹಳ್ಳದಿಂದ ಎತ್ತಲು ಇನ್ನೊಂದು, ಕುಳಿಯ ಬಳಿ ನವಿರಾಗಿ ತಳ್ಳಲು ಮತ್ತೊಂದು, ಹೀಗೆ ಒಂದೊಂದಕ್ಕೆ ಒಂದೊಂದು ಕೆಲಸ. ಚೆಂಡನ್ನು ಎಷ್ಟು ಕಡಿಮೆ ಹೊಡೆತಗಳಲ್ಲಿ ಕುಳಿಗೆ ಇಳಿಸಿದರೆ ಅಷ್ಟು ಮೇಲು. ಬೇರೆ ಆಟಗಳಲ್ಲಿ ಹೆಚ್ಚು ಗಳಿಸಿದವನು ಗೆದ್ದರೆ, ಇಲ್ಲಿ ಕಡಿಮೆ ಖರ್ಚು ಮಾಡಿದವನು ಗೆಲ್ಲುತ್ತಾನೆ. ತಿಂಗಳ ಸಂಬಳದಲ್ಲಿ ಮನೆ ತೂಗಿಸುವ ನಮ್ಮ ಗೃಹಿಣಿಯರಿಗೆ ಈ ನಿಯಮವನ್ನು ವಿವರಿಸಿ ಹೇಳಬೇಕಾಗಿಲ್ಲ.

ಪ್ರತಿ ಕುಳಿಗೂ ಮೂರು, ನಾಲ್ಕು ಅಥವಾ ಐದು ಹೊಡೆತ ಎಂದು ಒಂದು ಮರ್ಯಾದೆ ಗೊತ್ತುಮಾಡಿರುತ್ತಾರೆ. ಅದಕ್ಕೆ 'ಪಾರ್' ಎಂದು ಹೆಸರು. ಅದಕ್ಕಿಂತ ಒಂದು ಕಡಿಮೆಯಾದರೆ 'ಬರ್ಡಿ'. ದೊಡ್ಡ ಪಂದ್ಯಗಳು ನಾಲ್ಕು ದಿನ ನಡೆಯುತ್ತವೆ, ದಿನಕ್ಕೆ ೧೮ರಂತೆ ಒಟ್ಟು ೭೨ ಕುಳಿಗಳು. ಎರಡು ದಿನ ಕಳೆದ ಮೇಲೆ ಹಿಂದೆ ಬಿದ್ದವರನ್ನು ಕಳಿಸಿಬಿಡುತ್ತಾರೆ. ಆಟವನ್ನೇ ಜೀವನೋಪಾಯ ಮಾಡಿಕೊಂಡ ವೃತ್ತಿಪರ ಆಟಗಾರ ಹಾಗೆ ಹೊರಬಿದ್ದರೆ ಅವನಿಗೆ ಬಹುಮಾನದ ಹಣದಲ್ಲಿ ಕಾಸೂ ಇಲ್ಲ. ಪ್ರಯಾಣ, ವಸತಿ, ಊಟ ಎಲ್ಲವೂ ಕೈಯಿಂದ. ಈ ಆಟದಲ್ಲಿ ಎಲ್ಲರೂ ಸಾಹುಕಾರರಲ್ಲ ಎಂಬುದು ಇಲ್ಲಿಯೇ ಗೊತ್ತಾಗುತ್ತದೆ.

ಅವನ ೧೪ ಕೋಲುಗಳ ಚೀಲವನ್ನು ಹೊತ್ತು ಜೊತೆಗೆ ನಡೆಯುವವನು ಕ್ಯಾಡಿ. ಚೀಲದ ಭಾರ ಹೊರುವುದಷ್ಟೇ ಅವನ ಕೆಲಸವಲ್ಲ. ಗಾಳಿ ಎತ್ತ ಬೀಸುತ್ತಿದೆ, ಹುಲ್ಲು ಯಾವ ಕಡೆಗೆ ಇಳಿಜಾರು, ಈ ದೂರಕ್ಕೆ ಯಾವ ಕೋಲು, ಇದೆಲ್ಲವನ್ನೂ ಅವನು ಬಲ್ಲ. ಮೈದಾನದ ಒಂದೊಂದು ಗುಡ್ಡವೂ ಗುಂಡಿಯೂ ಅವನಿಗೆ ಬಾಯಿಪಾಠ. ಹೀಗೆ ದಿನವೂ ಆಟವನ್ನು ಕಣ್ಣಲ್ಲಿ ನುಂಗುತ್ತ ನಡೆದವನಿಗೆ ತಾನೂ ಒಮ್ಮೆ ಕೋಲು ಬೀಸಬೇಕೆಂದು ಅನ್ನಿಸದಿದ್ದೀತೆ?

ಬಂದದ್ದು ಹೇಗೆ?

ಇಂಗ್ಲಿಷರು ಈ ಆಟವನ್ನು ಬಹು ಬೇಗನೆ ಇಲ್ಲಿಗೆ ತಂದರು. ಕಲಕತ್ತೆಯ ಗಾಲ್ಫ್ ಕ್ಲಬ್ಬು ಸ್ಥಾಪನೆಯಾದದ್ದು ೧೮೨೯ರಲ್ಲಿ. ಬ್ರಿಟಿಷ್ ದ್ವೀಪಗಳ ಹೊರಗೆ ಅದಕ್ಕಿಂತ ಹಳೆಯದು ಇಲ್ಲವೆಂದು ಪ್ರಸಿದ್ಧಿ. ೧೮೭೬ರಲ್ಲಿ ಬೆಂಗಳೂರು ಗಾಲ್ಫ್ ಕ್ಲಬ್ಬು ಹುಟ್ಟಿತು. ದಂಡು ಇದ್ದ ಊರುಗಳಲ್ಲೆಲ್ಲ ಸಾಹೇಬರಿಗೆ ಆಟದ ಮೈದಾನ ಬೇಕಾಗುತ್ತಿತ್ತು. ನಮ್ಮ ಪುಣೆಯೂ ಅಂಥದೇ ದಂಡಿನ ಊರು. ಬ್ಯಾಡ್ಮಿಂಟನ್ನಿಗೆ ಒಂದು ಕಾಲದಲ್ಲಿ 'ಪೂನಾ' ಎಂದೇ ಹೆಸರಿತ್ತೆಂಬುದನ್ನು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಆ ಆಟದಲ್ಲಿ ೧೯೮೦ರಲ್ಲಿ ಆಲ್ ಇಂಗ್ಲೆಂಡ್ ಗೆದ್ದವರು ಬೆಂಗಳೂರಿನ ಪ್ರಕಾಶ್ ಪಡುಕೋಣೆ. ಪುಣೆಯ ಹೆಸರಿನ ಆಟಕ್ಕೆ ಕನ್ನಡಿಗ ಕೀರ್ತಿ ತಂದುದು ನಮಗೆಲ್ಲ ಗೊತ್ತು. ಗಾಲ್ಫಿನಲ್ಲಿಯೂ ಈ ಎರಡು ಊರುಗಳ ಕೊಡುಕೊಳ್ಳುವಿಕೆ ನಡೆದಿದೆ. ಅದು ಮಾತ್ರ ನಮ್ಮ ಕಿವಿಗೆ ಬಿದ್ದಿಲ್ಲ.

ಸಾಹೇಬರ ಕಾಲದಲ್ಲಿ ಅನೇಕ ಕ್ಲಬ್ಬುಗಳಲ್ಲಿ ಭಾರತೀಯರಿಗೆ ಸದಸ್ಯತ್ವವಿರಲಿಲ್ಲ. ಭಾರತೀಯನು ಒಳಗೆ ಹೋಗುತ್ತಿದ್ದುದು ಮಾಲಿಯಾಗಿ, ಬಾಣಸಿಗನಾಗಿ, ಚೀಲ ಹೊರುವವನಾಗಿ. ಇದು ಇಲ್ಲಿನ ಮಾತಷ್ಟೇ ಅಲ್ಲ. ದಕ್ಷಿಣ ಆಫ್ರಿಕದ ಡರ್ಬನ್ನಿನಲ್ಲಿ ಪಪ್ವಾ ಸೇವ್‌ಗೋಲಂ ಎಂಬ ಭಾರತೀಯ ಮೂಲದ ಆಟಗಾರನಿದ್ದ. ಅವನೂ ಚೀಲ ಹೊತ್ತೇ ಆಟ ಕಲಿತವನು. ಕೋಲನ್ನು ಎಲ್ಲರಿಗಿಂತ ತಿರುವುಮುರುವಾಗಿ ಹಿಡಿಯುತ್ತಿದ್ದ, ತಿದ್ದುವವರು ಯಾರೂ ಇರಲಿಲ್ಲವಲ್ಲ! ೧೯೫೯ರಲ್ಲಿ ಡಚ್ ಓಪನ್ ಗೆದ್ದ. ೧೯೬೩ರಲ್ಲಿ ತನ್ನ ಊರಿನಲ್ಲೇ ನೇಟಾಲ್ ಓಪನ್ ಗೆದ್ದಾಗ ಬಿಳಿಯರ ಕ್ಲಬ್ಬಿನ ಮನೆಯೊಳಗೆ ಅವನಿಗೆ ಪ್ರವೇಶವಿರಲಿಲ್ಲ. ಪಾರಿತೋಷಕವನ್ನು ಹೊರಗೆ, ಮಳೆಯಲ್ಲಿ ನಿಂತು ತೆಗೆದುಕೊಂಡ. ಆ ಚಿತ್ರ ಜಗತ್ತಿನ ಪತ್ರಿಕೆಗಳಲ್ಲೆಲ್ಲ ಬಂದಿತು.

ಅದರ ಮರುವರ್ಷ, ೧೯೬೪ರಲ್ಲಿ, ನಮ್ಮ ದೇಶದ ಇಂಡಿಯನ್ ಓಪನ್ ಆರಂಭವಾಯಿತು. 'ಓಪನ್' ಎಂದರೆ ತೆರೆದದ್ದು. ಹವ್ಯಾಸಿಯೂ ಆಡಬಹುದು, ವೃತ್ತಿಪರನೂ ಆಡಬಹುದು. ದೇಶದವನೂ ಬರಬಹುದು, ಹೊರಗಿನವನೂ ಬರಬಹುದು. ಬಾಗಿಲು ತೆರೆದಿದೆ ಎಂಬುದೇ ಹೆಸರು. ಆದರೆ ಹೆಸರಿಗೆ ತೆರೆದ ಬಾಗಿಲಿನಿಂದ ನಿಜವಾಗಿ ಒಳಬರಲು ನಮ್ಮವರಿಗೆ ಎಷ್ಟು ಕಾಲ ಹಿಡಿಯಿತೆಂಬುದನ್ನು ಮುಂದೆ ನೋಡೋಣ.

ಥಾಮ್ಸನ್ ಮಹಾಶಯರು

ಇಂಡಿಯನ್ ಓಪನ್ನಿನ ಹುಟ್ಟಿಗೆ ಮುಖ್ಯ ಪ್ರೇರಕರು ಆಸ್ಟ್ರೇಲಿಯದ ಪೀಟರ್ ಥಾಮ್ಸನ್. ಈ ಆಟದ ಅತಿ ಪುರಾತನ ಪಂದ್ಯವಾದ ಬ್ರಿಟನ್ನಿನ ಓಪನ್ನನ್ನು ಐದು ಸಲ, ೧೯೫೪, ೫೫, ೫೬, ೫೮ ಮತ್ತು ೬೫ರಲ್ಲಿ, ಗೆದ್ದ ಮಹಾ ಆಟಗಾರರು. ಹೆಚ್ಚು ಹಣವಿದ್ದ ಅಮೆರಿಕದ ಕಡೆಗೇ ಎಲ್ಲರ ಮುಖವಿದ್ದ ಕಾಲದಲ್ಲಿ ಇವರಿಗೆ ಏಷ್ಯದ ದೇಶಗಳ ಮೇಲೆ ಒಲವಿತ್ತು. ಇಲ್ಲಿಯೂ ಒಂದು ರಾಷ್ಟ್ರೀಯ ಪಂದ್ಯವಿರಬೇಕು, ಹೊರನಾಡಿನ ಆಟಗಾರರು ಬಂದಾಡಿದರೆ ಸ್ಥಳೀಯರು ಕಲಿಯುತ್ತಾರೆ ಎಂದು ಒತ್ತಾಯಿಸಿದವರು ಅವರು. ೧೯೫೫ರಲ್ಲಿಯೇ ಸ್ಥಾಪನೆಯಾಗಿದ್ದ ಇಂಡಿಯನ್ ಗಾಲ್ಫ್ ಯೂನಿಯನ್ನು ಇದಕ್ಕೆ ಕೈಗೂಡಿಸಿತು. ಮೊದಲ ವರ್ಷದ ಪಂದ್ಯವನ್ನು ಥಾಮ್ಸನ್ನರೇ ಗೆದ್ದರು. ೧೯೬೬ರಲ್ಲಿ ಮತ್ತೆ ಗೆದ್ದರು. ಹತ್ತು ವರ್ಷ ಬಿಟ್ಟು ೧೯೭೬ರಲ್ಲಿ, ನಲವತ್ತಾರರ ವಯಸ್ಸಿನಲ್ಲಿ, ಮೂರನೆಯ ಬಾರಿ ಗೆದ್ದರು. ದಿಲ್ಲಿ ಗಾಲ್ಫ್ ಕ್ಲಬ್ಬಿನ ಮೈದಾನವನ್ನು ೧೯೭೦ರ ದಶಕದಲ್ಲಿ ಹೊಸದಾಗಿ ರೂಪಿಸಿದವರೂ ಅವರೇ. ಹಳೆಯ ಗೋರಿಗಳ ನಡುವೆ, ನವಿಲುಗಳ ಕೂಗಿನ ನಡುವೆ, ಪೊದೆಗಳ ಇಕ್ಕಟ್ಟಿನಲ್ಲಿ ಚೆಂಡು ಸಾಗುವ ಆ ಮೈದಾನ ಬಹುಕಾಲ ಈ ಪಂದ್ಯಕ್ಕೆ ತವರುಮನೆಯಂತಿತ್ತು. ಥಾಮ್ಸನ್ನರು ೨೦೧೮ರಲ್ಲಿ ತೀರಿಕೊಂಡರು.

ಎರಡನೆಯ ವರ್ಷವೇ ಒಂದು ಸೋಜಿಗ ನಡೆಯಿತು. ೧೯೬೫ರಲ್ಲಿ ಕಲಕತ್ತೆಯಲ್ಲಿ ನಡೆದ ಪಂದ್ಯವನ್ನು ಪಿ. ಜಿ. ಸೇಠಿಯವರು ಗೆದ್ದರು. ಎಲ್ಲರೂ ಅವರನ್ನು 'ಬಿಲ್ಲೂ' ಎಂದು ಕರೆಯುತ್ತಿದ್ದರು. ಇವರು ವೃತ್ತಿಪರರಲ್ಲ, ಹವ್ಯಾಸಿ. ವೃತ್ತಿಪರರ ದಂಡನ್ನೇ ಹಿಂದೆ ಹಾಕಿ ಗೆದ್ದ ಮೊದಲ ಭಾರತೀಯ. ದೇಶಕ್ಕೆ ದೇಶವೇ ಹಿಗ್ಗಿತು. ಇನ್ನೇನು, ವರ್ಷಕ್ಕೊಬ್ಬ ಭಾರತೀಯ ಗೆಲ್ಲುತ್ತಾನೆ ಎಂದು ಆಗ ಅನೇಕರು ಎಣಿಸಿರಬೇಕು. ಹಾಗಾಗಲಿಲ್ಲ.

ಇಪ್ಪತ್ತಾರು ವರ್ಷ

ಆಮೇಲಿನ ಪಟ್ಟಿಯನ್ನು ಓದುತ್ತ ಹೋದರೆ ಒಂದು ಭೂಗೋಳದ ಪಾಠವನ್ನೇ ಓದಿದಂತಾಗುತ್ತದೆ. ೧೯೬೭, ೬೮ರಲ್ಲಿ ಜಪಾನಿನ ಕೆಂಜಿ ಹೊಸೊಯಿಶಿ. ೧೯೬೯ರಲ್ಲಿ ಫಿಲಿಪೈನ್ಸಿನ ಬೆನ್ ಅರ್ದಾ. ೧೯೭೦ರಲ್ಲಿ ಪಂದ್ಯವು ಏಷ್ಯದ ಗಾಲ್ಫ್ ಸರಣಿಯಲ್ಲಿ ಸೇರಿತು. ವರ್ಷ ವರ್ಷವೂ ತೈವಾನಿನವರು, ಆಸ್ಟ್ರೇಲಿಯದವರು, ಅಮೆರಿಕದವರು ಬಂದು ಆಡಿ ಗೆದ್ದು ಹೋದರು. ೧೯೮೧ರಲ್ಲಿ ಗೆದ್ದ ಪೇನ್ ಸ್ಟುವರ್ಟ್ ಎಂಬ ಅಮೆರಿಕದ ತರುಣ ಮುಂದೆ ತನ್ನ ದೇಶದ ಓಪನ್ನನ್ನು ಎರಡು ಸಲ ಗೆದ್ದು ಜಗತ್ಪ್ರಸಿದ್ಧನಾದ. ೧೯೯೯ರಲ್ಲಿ ವಿಮಾನದ ಅವಘಡದಲ್ಲಿ ತೀರಿಕೊಂಡ.

ಇವರೆಲ್ಲರ ಚೀಲಗಳನ್ನು ಹೊತ್ತವರು ಯಾರು? ನಮ್ಮವರು. ಗಾಳಿ ನೋಡಿ ಕೋಲು ಆರಿಸಿಕೊಟ್ಟವರು ಯಾರು? ನಮ್ಮವರು. ಹೊರಗಿನ ಆಟಗಾರ ಗೆದ್ದು, ಕೈಕುಲುಕಿ, ವಿಮಾನ ಹತ್ತಿದ ಮೇಲೆ ಅದೇ ಮೈದಾನದಲ್ಲಿ ಮರುದಿನ ಬೆಳಗ್ಗೆ ಮತ್ತೆ ಇನ್ನೊಬ್ಬರ ಚೀಲ ಹೊತ್ತವರೂ ನಮ್ಮವರೇ. ಆದರೆ ಅವರು ಸುಮ್ಮನೆ ಹೊತ್ತಿರಲಿಲ್ಲ. ನೋಡಿ ಕಲಿಯುತ್ತಿದ್ದರು.

೧೯೯೧ರಲ್ಲಿ ದಿಲ್ಲಿಯಲ್ಲಿ ಆ ಕಲಿಕೆ ಫಲಿಸಿತು. ದಿಲ್ಲಿ ಗಾಲ್ಫ್ ಕ್ಲಬ್ಬಿನಲ್ಲಿ ಕ್ಯಾಡಿಯಾಗಿದ್ದ ಅಲಿ ಶೇರ್ ಇಂಡಿಯನ್ ಓಪನ್ ಗೆದ್ದರು. ಸೇಠಿಯವರ ಗೆಲುವಿಗೂ ಇದಕ್ಕೂ ನಡುವೆ ೨೬ ವರ್ಷ. ಈ ಪಂದ್ಯ ಗೆದ್ದ ಮೊದಲ ಭಾರತೀಯ ವೃತ್ತಿಪರ ಆಟಗಾರ ಅವರು. ಇದು ಆಕಸ್ಮಿಕವಿದ್ದೀತು ಎಂದು ಗೊಣಗಿದವರಿಗೆ ೧೯೯೩ರಲ್ಲಿ ಮತ್ತೊಮ್ಮೆ ಗೆದ್ದು ಉತ್ತರ ಕೊಟ್ಟರು.

ಅಲ್ಲಿಂದ ಕಟ್ಟೆ ಒಡೆದಂತಾಯಿತು. ೧೯೯೮ರಲ್ಲಿ ಕಲಕತ್ತೆಯ ಫಿರೋಜ್ ಅಲಿ, ೧೯೯೯ರಲ್ಲಿ ಅರ್ಜುನ್ ಅಟ್ವಾಲ್, ೨೦೦೦ದಲ್ಲಿ ಜ್ಯೋತಿ ರಂಧಾವಾ, ಹೀಗೆ ಮೂರು ವರ್ಷ ಸಾಲಾಗಿ ಭಾರತೀಯರೇ. ೨೦೦೨ರಲ್ಲಿ ಲಖನೌದ ವಿಜಯಕುಮಾರ್. ೨೦೦೬ ಮತ್ತು ೨೦೦೭ರಲ್ಲಿ ಮತ್ತೆ ರಂಧಾವಾ. ಒಟ್ಟು ಮೂರು ಗೆಲುವುಗಳಿಂದ ಅವರು ಥಾಮ್ಸನ್ನರ ಸರಿಸಮಕ್ಕೆ ಬಂದರು.

ಬೆಂಗಳೂರಿನ ಮುನಿಯಪ್ಪ

ಈಗ ಬಸ್ ನಿಲ್ದಾಣದ ತರುಣನ ಮುನಿಯಪ್ಪನವರ ಬಳಿಗೆ ಬರೋಣ.

ಚಿನ್ನಸ್ವಾಮಿ ಮುನಿಯಪ್ಪನವರು ಬೆಂಗಳೂರಿನವರು, ಕ್ಯಾಡಿಯಾಗಿದ್ದು ಆಟಗಾರರಾದವರು. ಶಿಕ್ಷಕರಿಟ್ಟು ಕಲಿತವರಲ್ಲ. ಬೇರೆಯವರ ಬೀಸನ್ನು ನೋಡಿ ನೋಡಿ ತಮ್ಮ ಬೀಸನ್ನು ತಿದ್ದಿಕೊಂಡ ಪೀಳಿಗೆಯವರು. ೨೦೦೯ರ ಅಕ್ಟೋಬರದಲ್ಲಿ ದಿಲ್ಲಿಯ ಹೊರವಲಯದ ಗುರಗಾಂವಿನಲ್ಲಿ ಇಂಡಿಯನ್ ಓಪನ್ ನಡೆಯಿತು. ನಾಲ್ಕು ದಿನದ ೭೨ ಕುಳಿ ಮುಗಿದಾಗ ಮುನಿಯಪ್ಪನವರೂ ಕೊರಿಯಾದ ಲೀ ಸಂಗ್ ಅವರೂ ಸಮಸಮವಾಗಿ ನಿಂತಿದ್ದರು. ಹೀಗಾದಾಗ ನಿರ್ಣಯಕ್ಕಾಗಿ ಇಬ್ಬರೇ ಮತ್ತೆ ಆಡಬೇಕು. ಅದಕ್ಕೆ ಪ್ಲೇ-ಆಫ್ ಎನ್ನುತ್ತಾರೆ. ಸುತ್ತಲೂ ಜನ, ಎದುರಿಗೆ ದೇಶದ ಅತಿ ದೊಡ್ಡ ಪಾರಿತೋಷಕ, ಹಿಂದೆ ಎಷ್ಟೋ ವರ್ಷ ಬೆನ್ನಿಗಂಟಿದ್ದ ಪರರ ಚೀಲದ ನೆನಪು. ಮುನಿಯಪ್ಪನವರ ಕೈ ನಡುಗಲಿಲ್ಲ. ಗೆದ್ದರು.

ಒಂದು ಮಾತನ್ನು ಇಲ್ಲಿ ಒಪ್ಪಿಕೊಳ್ಳಬೇಕು. ೨೦೦೯ರಲ್ಲಿ ನಾವು ಪತ್ರಿಕೆ ತರಿಸುತ್ತಿದ್ದೆವು. ಕ್ರಿಕೆಟಿನಲ್ಲಿ ಬೆಂಗಳೂರಿನ ಹುಡುಗನೊಬ್ಬ ಇಪ್ಪತ್ತು ಓಟ ತೆಗೆದರೂ ಮಕ್ಕಳನ್ನು ಕರೆದು ಓದಿ ಹೇಳುತ್ತಿದ್ದೆವು. ಕ್ರೀಡೆಯ ಪುಟದ ಯಾವ ಮೂಲೆಯಲ್ಲಿ ಮುನಿಯಪ್ಪನವರ ಸುದ್ದಿ ಬಂದಿತ್ತೋ, ನಮ್ಮ ಕಣ್ಣು ಅದನ್ನು ಹಾರಿ ಹೋಗಿರಬೇಕು. 'ಸಾಹುಕಾರರ ಆಟ' ಎಂಬ ನಮ್ಮ ತಾತ್ಸಾರ ಸಾಹುಕಾರರಿಗೆ ಏನೂ ತಗಲಲಿಲ್ಲ. ತಗಲಿದ್ದು ಚೀಲ ಹೊತ್ತು ಗೆದ್ದ ನಮ್ಮ ನಾಡಿನವನಿಗೆ.

೨೦೧೨ರಲ್ಲಿ ಪಂದ್ಯವೇ ಬೆಂಗಳೂರಿಗೆ ಬಂತು, ಕರ್ನಾಟಕ ಗಾಲ್ಫ್ ಸಂಸ್ಥೆಯ ಮೈದಾನಕ್ಕೆ. ಥಾಯ್ಲೆಂಡಿನ ಥಾವೋರ್ನ್ ವಿರಚಂತ್ ಎಂಬ ನಲವತ್ತೈದರ ಅನುಭವಿ ಆಟಗಾರ ಸ್ಕಾಟ್ಲೆಂಡಿನ ರಿಚಿ ರಾಮ್ಸೆಯವರನ್ನು ಪ್ಲೇ-ಆಫಿನಲ್ಲಿ ಸೋಲಿಸಿ ಗೆದ್ದರು. ಬೆಂಗಳೂರಿನ ಹಳಬರಿಗೆ ಆ ಮೈದಾನದ ಬಗ್ಗೆ ಇನ್ನೊಂದು ನೆನಪುಂಟು. ಹುಲ್ಲು ಬೆಳೆದ ಆ ಜಾಗ ಹಿಂದೆ ಚಲ್ಲಘಟ್ಟದ ಕೆರೆ. ಕೆರೆಯನ್ನು ಕಟ್ಟಿದವರು ಕನ್ನಡದ ಒಕ್ಕಲಿಗರು, ಅದರ ಮೇಲೆ ಆಡುವವರು ಜಗತ್ತಿನ ಆಟಗಾರರು. ಆಟದ ಚೆಲುವನ್ನು ಹೊಗಳುವಾಗ ಅದಕ್ಕೆ ತೆತ್ತ ಬೆಲೆಯನ್ನೂ ಮರೆಯಬಾರದು. ನೀರಿನ ಸಂಕಟವನ್ನು ಪುಣೆಯಲ್ಲಿಯೂ ಬೆಂಗಳೂರಿನಲ್ಲಿಯೂ ಉಂಡ ನಮಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಪುಣೆಯ ಕೂಸು, ಮಾಲಿಯ ಮಗ

೨೦೧೫ರ ಪಂದ್ಯವು ನಮ್ಮ ಊರಿನ ಹೆಸರನ್ನೂ ಈ ಕಥೆಗೆ ಸೇರಿಸಿತು. ಅನಿರ್ಬನ್ ಲಾಹಿರಿಯವರು ೧೯೮೭ರಲ್ಲಿ ಹುಟ್ಟಿದ್ದು ಪುಣೆಯಲ್ಲಿ. ತಂದೆ ಸೈನ್ಯದಲ್ಲಿ ವೈದ್ಯರು, ಮಗನಿಗೆ ಆಟದ ಮೊದಲ ಪಾಠ ಹೇಳಿದವರೂ ಅವರೇ. ಮುಂದೆ ಆಟ ಪಳಗಿದ್ದು ಬೆಂಗಳೂರಿನಲ್ಲಿ, ವಿಜಯ್ ದಿವೇಚಾ ಎಂಬ ಗುರುಗಳ ಕೈಯಲ್ಲಿ. ಹುಟ್ಟು ಇಲ್ಲಿ, ವಿದ್ಯೆ ಅಲ್ಲಿ! ನಮ್ಮಲ್ಲಿ ಎಷ್ಟೋ ಮನೆಗಳ ಕಥೆ ಇದರ ತಿರುವುಮುರುವು.

ಆ ವರ್ಷ ದಿಲ್ಲಿಯಲ್ಲಿ ಕೊನೆಯ ದಿನದ ಆಟ ಆರಂಭವಾದಾಗ ಮುಂದಿದ್ದವರು ಎಸ್. ಎಸ್. ಪಿ. ಚೌರಾಸಿಯಾ. ಲಾಹಿರಿ ಅವರಿಗಿಂತ ಏಳು ಹೊಡೆತ ಹಿಂದೆ. ಒಂದೇ ದಿನದಲ್ಲಿ ಏಳು ಹೊಡೆತದ ಅಂತರವನ್ನು ತುಂಬುವುದೆಂದರೆ ರೈಲು ಬಿಟ್ಟ ಮೇಲೆ ಓಡಿ ಹಿಡಿದಂತೆ. ಲಾಹಿರಿ ಹಿಡಿದರು. ಇಬ್ಬರೂ ಸಮವಾಗಿ, ಪ್ಲೇ-ಆಫಿನಲ್ಲಿ ಲಾಹಿರಿ ಗೆದ್ದರು. ಅದೇ ವರ್ಷ ಅಮೆರಿಕದ ಪಿ.ಜಿ.ಎ. ಚಾಂಪಿಯನ್‌ಶಿಪ್ಪಿನಲ್ಲಿ ಐದನೆಯ ಸ್ಥಾನವನ್ನು ಹಂಚಿಕೊಂಡರು. ಯೂರೋಪಿನ ಸರಣಿಯೂ ಇಂಡಿಯನ್ ಓಪನ್ನಿಗೆ ಜೊತೆಗೂಡಿದ್ದು ಆ ವರ್ಷವೇ.

ಗೆದ್ದವರ ಕಥೆಗಿಂತ ಅಂದು ಸೋತವರ ಕಥೆ ದೊಡ್ಡದು. ಚೌರಾಸಿಯಾ ಕಲಕತ್ತೆಯವರು. ತಂದೆ ಅಲ್ಲಿನ ರಾಯಲ್ ಕಲಕತ್ತಾ ಕ್ಲಬ್ಬಿನಲ್ಲಿ ಹುಲ್ಲು ನೋಡಿಕೊಳ್ಳುವ ಮಾಲಿ. ಹುಡುಗ ಆ ಹುಲ್ಲಿನ ಅಂಚಿನಲ್ಲಿಯೇ ಬೆಳೆದ. ಇಂಡಿಯನ್ ಓಪನ್ನಿನಲ್ಲಿ ೧೯೯೯ರಲ್ಲಿಯೇ ಎರಡನೆಯವನಾಗಿ ಕೈತಪ್ಪಿಸಿಕೊಂಡಿದ್ದ. ೨೦೧೩ರಲ್ಲಿ ಮತ್ತೆ ಎರಡನೆಯ ಸ್ಥಾನ, ಗೆದ್ದವರು ಬಾಂಗ್ಲಾದೇಶದ ಸಿದ್ದಿಕುರ್ ರಹಮಾನ್. ಅವರೂ ಚೀಲ ಹೊತ್ತವರೇ. ೨೦೧೫ರಲ್ಲಿ ಏಳು ಹೊಡೆತ ಮುಂದಿದ್ದೂ ಸೋಲು. ಬೇರೆ ಯಾರೇ ಆಗಿದ್ದರೂ ಹಣೆಬರಹವೆಂದು ಕೋಲು ಕೆಳಗಿಡುತ್ತಿದ್ದರು. ಚೌರಾಸಿಯಾ ೨೦೧೬ರಲ್ಲಿ ಮತ್ತೆ ಬಂದರು, ಅದೇ ಲಾಹಿರಿಯವರನ್ನು ಹಿಂದೆ ಹಾಕಿ ಗೆದ್ದರು. ೨೦೧೭ರಲ್ಲಿ ಮತ್ತೊಮ್ಮೆ, ಈ ಸಲ ಏಳು ಹೊಡೆತಗಳ ಅಂತರದಿಂದ, ಗೆದ್ದರು. ಎರಡು ವರ್ಷದ ಹಿಂದೆ ಕಳೆದುಕೊಂಡ ಏಳನ್ನು ವಿಧಿ ಎಣಿಸಿ ಹಿಂದಿರುಗಿಸಿದಂತಿತ್ತು.

ಅಲ್ಲಿಂದ ಈಚೆಗೆ ಪಂದ್ಯ ಗುರಗಾಂವಿನ ಕಠಿಣ ಮೈದಾನದಲ್ಲಿ ನಡೆಯುತ್ತ ಬಂದಿದೆ. ೨೦೧೮ರಲ್ಲಿ ಇಂಗ್ಲೆಂಡಿನ ಮ್ಯಾಟ್ ವಾಲೆಸ್, ೨೦೧೯ರಲ್ಲಿ ಸ್ಕಾಟ್ಲೆಂಡಿನ ಸ್ಟೀಫನ್ ಗ್ಯಾಲಹರ್ ಗೆದ್ದರು. ಕೊರೋನಾ ಪಿಡುಗಿನಿಂದ ೨೦೨೦ರಿಂದ ಮೂರು ವರ್ಷ ಪಂದ್ಯ ನಡೆಯಲಿಲ್ಲ. ಮತ್ತೆ ಆರಂಭವಾದ ಮೇಲೆ ೨೦೨೩ರಲ್ಲಿ ಜರ್ಮನಿಯ ಮಾರ್ಸೆಲ್ ಸೀಮ್, ೨೦೨೪ರಲ್ಲಿ ಜಪಾನಿನ ಕೇಯಿತಾ ನಕಾಜಿಮಾ, ೨೦೨೫ರಲ್ಲಿ ಸ್ಪೇನಿನ ಎಯುಜೆನಿಯೊ ಚಕಾರಾ ಗೆದ್ದರು.

ತಾಯಿ ಹೊತ್ತ ಚೀಲ

ಹೆಣ್ಣುಮಕ್ಕಳ ಮಾತನ್ನು ಬಿಟ್ಟರೆ ಈ ಲೇಖನ ನಮ್ಮ ಮನೆಯಲ್ಲಿಯೇ ಒಪ್ಪಿಗೆಯಾಗದು. ಮಹಿಳೆಯರ ಇಂಡಿಯನ್ ಓಪನ್ ಆರಂಭವಾದುದು ೨೦೦೭ರಲ್ಲಿ. ೨೦೧೬ರಲ್ಲಿ ಅದನ್ನು ಗೆದ್ದ ಮೊದಲ ಭಾರತೀಯಳು ಬೆಂಗಳೂರಿನ ಅದಿತಿ ಅಶೋಕ್, ಆಗ ಹದಿನೆಂಟರ ಹುಡುಗಿ. ಆ ವರ್ಷವೇ ರಿಯೋ ಒಲಿಂಪಿಕ್ಸಿನಲ್ಲಿ ಆಡಿದಾಗ ಆಕೆಯ ಚೀಲ ಹೊತ್ತವರು ತಂದೆ. ೨೦೨೧ರಲ್ಲಿ ಟೋಕಿಯೋದಲ್ಲಿ ಒಲಿಂಪಿಕ್ಸ್ ನಡೆದಾಗ ಹೊತ್ತವರು ತಾಯಿ. ಆಗಸ್ಟ್ ೭ರ ಶನಿವಾರ, ಗಾಲ್ಫಿನ ಗಂಧಗಾಳಿ ಇಲ್ಲದ ಮನೆಗಳಲ್ಲಿಯೂ ಜನ ನಸುಕಿನಲ್ಲೆದ್ದು ದೂರದರ್ಶನದ ಮುಂದೆ ಕುಳಿತರು. ಒಂದೇ ಒಂದು ಹೊಡೆತದಿಂದ ಪದಕ ತಪ್ಪಿತು, ಅದಿತಿ ನಾಲ್ಕನೆಯವಳಾದಳು. ಮಗಳ ಹಿಂದೆ ಚೀಲ ಹೊತ್ತು ನಾಲ್ಕು ದಿನ ನಡೆದ ಆ ತಾಯಿಯ ಚಿತ್ರ ನಮ್ಮ ಕಣ್ಣಿನಲ್ಲಿ ಉಳಿದಿದೆ. ಬಾಡಿಗೆಗೆ ಹೊತ್ತರೆ ಕೂಲಿ ಎನ್ನುವ ನಾವು ತಾಯಿ ಹೊತ್ತಾಗ ವಾತ್ಸಲ್ಯ ಎನ್ನುತ್ತೇವೆ. ಚೀಲದ ಭಾರ ಮಾತ್ರ ಎರಡು ಕಡೆಯೂ ಒಂದೇ.

ಅದೇ ಟೋಕಿಯೋದಲ್ಲಿ ಗಂಡಸರ ವಿಭಾಗದಲ್ಲಿ ಭಾರತದ ಪರವಾಗಿ ಆಡಿದವರು ಇಬ್ಬರು: ಪುಣೆಯಲ್ಲಿ ಹುಟ್ಟಿ ಬೆಂಗಳೂರಿನಲ್ಲಿ ಪಳಗಿದ ಲಾಹಿರಿ, ಬೆಂಗಳೂರಿನಿಂದ ಬಂದು ಪುಣೆಯಲ್ಲಿ ನೆಲೆಸಿದ ಉದಯನ್ ಮಾನೆ. ನಾವು ಆಗಲೇ ಹೇಳಿದ ಕೊಡುಕೊಳ್ಳುವಿಕೆ ಇದೇ.

ಇನ್ನೂ ಹೆಸರುಗಳಿವೆ. ಬಿಡದಿಯ ಬಳಿಯ ಈಗಲ್ಟನ್ ಮೈದಾನದ ಹುಲ್ಲಿನಲ್ಲಿಯೇ ಆಟ ಕಲಿತ ಚಿಕ್ಕರಂಗಪ್ಪನವರು ದೇಶದ ವೃತ್ತಿಪರ ಸರಣಿಯಲ್ಲಿ ಹಲವು ಪಂದ್ಯ ಗೆದ್ದಿದ್ದಾರೆ. ಬೆಂಗಳೂರಿನ ಖಾಲಿನ್ ಜೋಶಿ ೨೦೧೮ರಲ್ಲಿ ದಿಲ್ಲಿಯಲ್ಲಿ ಪ್ಯಾನಸೋನಿಕ್ ಓಪನ್ ಗೆದ್ದರು. ಪುಣೆಯ ಹುಲ್ಲಿನ ಮೇಲೂ ವೃತ್ತಿಪರರ ಪಂದ್ಯಗಳು ನಡೆದಿವೆ. ನಾವು ಗೋಡೆಯ ಹೊರಗೆ ರಿಕ್ಷಾಕ್ಕೆ ಕಾಯುತ್ತಿದ್ದೆವು, ಅಷ್ಟೆ.

ಕೊನೆಯ ಮಾತು

ಇಷ್ಟು ಬರೆದುದರ ಉದ್ದೇಶ ನಮ್ಮ ಓದುಗರೆಲ್ಲ ನಾಳೆಯೇ ಗಾಲ್ಫ್ ಕೋಲು ಕೊಳ್ಳಲಿ ಎಂದಲ್ಲ. ಅದು ಇಂದಿಗೂ ದುಬಾರಿ ಆಟವೇ. ಒಳಗೆ ಹೋಗುವ ಬಾಗಿಲು ಇಂದಿಗೂ ಎಲ್ಲರಿಗೂ ಸಮನಾಗಿ ತೆರೆದಿಲ್ಲ. ಹಿಂದೆ ಚೀಲ ಹೊತ್ತವರ ಮಕ್ಕಳಿಗೆ ಇದ್ದ ದಾರಿ ಈಗ ಕಿರಿದಾಗುತ್ತಿದೆ ಎಂಬ ಕೊರಗೂ ಉಂಟು. ಚಿಕ್ಕಂದಿನಿಂದ ಶಿಕ್ಷಕರಿಟ್ಟು, ಹೊರದೇಶಕ್ಕೆ ಕಳಿಸಿ ಕಲಿಸುವ ಅನುಕೂಲವಿದ್ದ ಮಕ್ಕಳೊಡನೆ ವಾರಕ್ಕೊಮ್ಮೆ ಆಡಲು ಸಿಗುವ ಹುಡುಗ ಸೆಣಸುವುದು ಸುಲಭವಲ್ಲ. ಆದರೂ ಅಲಿ ಶೇರ್, ಮುನಿಯಪ್ಪ, ಚೌರಾಸಿಯಾ ಇವರ ಹೆಸರುಗಳು ಆ ಪಾರಿತೋಷಕದ ಚರಿತ್ರೆಯಲ್ಲಿ ಥಾಮ್ಸನ್ನರ ಹೆಸರಿನ ಜೊತೆಗೇ ಇವೆ. ಅವನ್ನು ಅಳಿಸಲು ಯಾರಿಂದಲೂ ಆಗದು.

ನಮ್ಮ ಬಿನ್ನಹ ಸಣ್ಣದು. ನಾವೂ ಈ ಊರಿಗೆ ಒಂದಲ್ಲ ಒಂದು ಚೀಲ ಹೊತ್ತೇ ಬಂದವರು. ಕೆಲವರ ಚೀಲದಲ್ಲಿ ಪದವಿಪತ್ರವಿತ್ತು, ಕೆಲವರದರಲ್ಲಿ ಹೋಟೆಲಿನ ಸೌಟಿತ್ತು, ಕೆಲವರದರಲ್ಲಿ ಕರಣಿ ಗುದ್ದಲಿಗಳಿದ್ದವು. ಮೊದಲಿನವರು ಸಂಘ ಕಟ್ಟಿಕೊಂಡು, ಪತ್ರಿಕೆ ಮಾಡಿಕೊಂಡು ಸುಖವಾಗಿದ್ದೇವೆ. ಕೊನೆಯವರು ನಮ್ಮ ಕಣ್ಣೆದುರೇ ಇದ್ದೂ ನಮ್ಮ ಪಟ್ಟಿಯಲ್ಲಿಲ್ಲ. ಅವರ ಮಕ್ಕಳ ಪೈಕಿ ಯಾರ ಕೈಯಲ್ಲಿ ಏನು ವಿದ್ಯೆ ಅಡಗಿದೆಯೋ ಬಲ್ಲವರಾರು? ಬಸ್ ನಿಲ್ದಾಣದಲ್ಲಿ, ಕಟ್ಟಡದ ಬುಡದಲ್ಲಿ, ಮೈದಾನದ ಬಾಗಿಲಲ್ಲಿ ಕನ್ನಡ ಕಿವಿಗೆ ಬಿದ್ದರೆ, ಯಾವೂರು ಎಂದು ಕೇಳುವುದರ ಜೊತೆಗೆ ಏನು ಆಡುತ್ತೀಯ, ಏನು ಕಲಿಯುತ್ತೀಯ ಎಂದೂ ಒಂದು ಮಾತು ಕೇಳೋಣ.

ಆ ತರುಣನ ಹೆಸರನ್ನು ಅಂದು ನಾವು ಕೇಳಲಿಲ್ಲ. ಅದರ ಕೊರಗು ಇನ್ನೂ ಇದೆ. ಅದೇ ಹೊತ್ತಿಗೆ ಅದೇ ನಿಲ್ದಾಣದಲ್ಲಿ ಎರಡು ಮೂರು ಸಲ ನಿಂತು ನೋಡಿದೆವು, ಕಾಣಲಿಲ್ಲ. ಮತ್ತೆ ಸಿಕ್ಕರೆ ಹೇಳಬೇಕೆಂದಿದ್ದೇವೆ: "ಮುನಿಯಪ್ಪನವರು ನಮಗ ಈಗ ಗೊತ್ತಪ್ಪಾ. ಇನ್ನ ನಿನ್ನ ಹೆಸರು ಹೇಳು."